ಟೆಕ್ಸಸ್ ಸ್ಪ್ಯಾನಿಷ್ ಹೆಸರಲ್ಲ

ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕದಲ್ಲಿ ಸ್ಪ್ಯಾನಿಷ್ ಹೆಸರುಗಳು! ನೆವಾಡಾ – ಹಿಮ ಕವಿದದ್ದು. ಕೊಲರಾಡೊ – ಕೆಂಪಗಿನದು. ಟೆಕ್ಸಸ್ – ಗೆಳೆಯ. ಮಿಲ್ಪಿಟಾಸ್ (ಕ್ಯಾಲಿಫೋರ್ನಿಯಾದ ಊರು) – ಜೋಳದ ಹೊಲ. ಸಾಂಟಾ ಫೆ – ಫೆ ಎಂಬ ಸಂತಳ ಊರು.

ಅಣ್ಣ: ದೊಡ್ಡಪ್ಪ, ಟೆಕ್ಸಸ್ ತೆಗೆದುಬಿಡಿ. ಅದು ಅಲ್ಲಿನ ಮೂಲನಿವಾಸಿ ಕ್ಯಾಡೊ ಜನರ ಪದ 'ತಾಯ್ಶ', ಗೆಳೆಯ ಅಂತ. ಸ್ಪೇನಿನವರು ಕಿವಿಗೆ ಬಿದ್ದದ್ದನ್ನ ಬರೆದುಕೊಂಡರು ಅಷ್ಟೆ. ಹಳೇ ಸ್ಪ್ಯಾನಿಷ್‌ನಲ್ಲಿ ಎಕ್ಸ್ ಅಕ್ಷರಕ್ಕೆ 'ಶ' ಉಚ್ಚಾರ. ಬರ್ತಾ ಬರ್ತಾ 'ಹ' ಆಯ್ತು, ಅದಕ್ಕೇ ಅವರು ಈಗ 'ತೇಹಾಸ್' ಅಂತಾರೆ. ಇಂಗ್ಲಿಷಿನವರು ಅಕ್ಷರ ನೋಡಿ 'ಕ್ಸ' ಓದಿದರು.

ಅಕ್ಕ: ಹಾಗಾದ್ರೆ ಮಿಲ್ಪಿಟಾಸೂ ಹೋಗಬೇಕಲ್ವಾ? 'ಮಿಲ್ಪ' ಮೆಕ್ಸಿಕೋದ ಮೂಲನಿವಾಸಿಗಳ ನಹ್ವಾತಲ್ ಭಾಷೆಯ ಪದ. 'ಮಿಲ್ಲಿ' ಅಂದ್ರೆ ಹೊಲ, 'ಪಾನ್' ಅಂದ್ರೆ ಮೇಲೆ. ನ್ಯಾಯ ಎಲ್ಲದಕ್ಕೂ ಒಂದೇ ಇರಲಿ.

ಅಣ್ಣ: ಅದು ಬೇರೆ ಕಣೇ. ಮಿಲ್ಪಕ್ಕೆ 'ಇಟಾ' ಸೇರಿಸಿ ಪುಟ್ಟದು ಮಾಡಿದ್ದು, 'ಸ್' ಹಚ್ಚಿ ಬಹುವಚನ ಮಾಡಿದ್ದು ಸ್ಪ್ಯಾನಿಷ್ ವ್ಯಾಕರಣ. ಪುಟ್ಟ ಹೊಲಗಳು ಅಂತ. ಬೀಜ ನಹ್ವಾತಲ್, ಹೆಸರು ಕಟ್ಟಿದ್ದು ಸ್ಪ್ಯಾನಿಷ್.

ಚಿಕ್ಕಮ್ಮ: ಭಾವ, ಬರೀ ಜೋಳ ಅಂತ ಹಾಕಬೇಡಿ, ರೊಟ್ಟಿ ಜೋಳ ಅಂದ್ಕೋತಾರೆ. ಮುಸುಕಿನ ಜೋಳ. ಮಿಲ್ಪದಲ್ಲಿ ಅದೊಂದೇ ಬೆಳೆಯೂ ಅಲ್ಲ: ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿ, ನೆಲದಲ್ಲಿ ಕುಂಬಳ ಹರಡೋಕೆ ಬಿಡ್ತಾರೆ. ನಮ್ಮ ಅಕ್ಕಡಿ ಬೆಳೆ ಇದ್ದ ಹಾಗೆ.
ಇನ್ನು ಫೆ ಅನ್ನೋ ಸಂತಳಿಗೂ ಆ ಊರಿಗೂ ಸಂಬಂಧ ಇಲ್ಲ. ಫೆ ಅಂದ್ರೆ ನಂಬಿಕೆ.

ದೊಡ್ಡಪ್ಪ: ಹಾಗಾದ್ರೆ ಸಾಂಟಾ ಕ್ಲಾರಾ, ಸಾಂಟಾ ಬಾರ್ಬರಾ?

ಚಿಕ್ಕಮ್ಮ: ಅವರಿಬ್ಬರೂ ಸಂತರೇ. 'ಸಾಂಟಾ' ಆದಮೇಲೆ ಬರೋದು ಮನುಷ್ಯರ ಹೆಸರಾ ನೋಡಿ. ಸಾಂಟಾ ಕ್ರೂಸ್‌ನಲ್ಲಿ ಕ್ರೂಸ್ ಅಂದ್ರೆ ಶಿಲುಬೆ. ಫೆ, ಕ್ರೂಸ್ ಎರಡೂ ಸ್ತ್ರೀಲಿಂಗ, ಆದ್ದರಿಂದ 'ಪವಿತ್ರ' ಅನ್ನೋ ವಿಶೇಷಣ ಸಾಂಟಾ ಆಯ್ತು. ನಿಮ್ಮ ಪಟ್ಟಿಯಲ್ಲೇ ಇದೆ: ಬೆಟ್ಟಸಾಲು, ಅಂದ್ರೆ 'ಸಿಯೆರಾ', ಸ್ತ್ರೀಲಿಂಗ, ಹಾಗಾಗಿ ನೆವಾಡಾ. ನದಿ, ಅಂದ್ರೆ 'ರಿಯೊ', ಪುಲ್ಲಿಂಗ, ಹಾಗಾಗಿ ಕೊಲರಾಡೊ.

ಅಕ್ಕ: ಫ್ಲಾರಿಡಾದ ಕೀ ವೆಸ್ಟ್ ದ್ವೀಪ ಬಿಟ್ಟುಹೋಗಿದೆ. 'ಕಾಯೊ ವೆಸೊ', ಮೂಳೆಯ ದ್ವೀಪ.

ಅಣ್ಣ: ಪಶ್ಚಿಮದ ತುದಿಯಲ್ಲಿದೆ, ವೆಸ್ಟ್ ಅಂತಾರೆ. ಅದರಲ್ಲೇನು ಸ್ಪ್ಯಾನಿಷ್?

ಅಕ್ಕ: ತುದಿ ಎಲ್ಲಿ ಬಂತು? ಇನ್ನೂ ಪಶ್ಚಿಮಕ್ಕೆ ಸುಮಾರು 110 ಕಿ.ಮೀ. ಹೋದರೆ ಡ್ರೈ ಟೋರ್ಟುಗಾಸ್ ದ್ವೀಪಗಳಿವೆ. 1513ರಲ್ಲಿ ಸ್ಪೇನಿನ ಅನ್ವೇಷಕ ಪೊನ್ಸ್ ದೆ ಲಿಯೋನ್ ಅಲ್ಲಿ ಆಮೆಗಳನ್ನ ಕಂಡು ತೊರ್ತೂಗಾಸ್, ಆಮೆಗಳು, ಅಂತ ಕರೆದ. 'ವೆಸೊ' ಇಂಗ್ಲಿಷ್ ಕಿವಿಗೆ 'ವೆಸ್ಟ್' ಅಂತ ಕೇಳಿಸ್ತು, 'ಕಾಯೊ' 'ಕೀ' ಆಯ್ತು.

ದೊಡ್ಡಪ್ಪ: ಸರಿ. ಟೆಕ್ಸಸ್ ತೆಗೆದೆ, ಕೀ ವೆಸ್ಟ್, ಟೋರ್ಟುಗಾಸ್ ಸೇರಿಸಿದೆ. ಮಿಲ್ಪಿಟಾಸ್ ಮುಂದೆ 'ಸ್ಪ್ಯಾನಿಷ್, ನಹ್ವಾತಲ್' ಅಂತ ಬರೀಲಾ?

ಅಕ್ಕ: ಬರೀರಿ ದೊಡ್ಡಪ್ಪ. ನಹ್ವಾತಲ್ ಮೊದಲು ಬರಲಿ.