ಅಬೊಟಾಬಾದ್‌ನಲ್ಲಿ ಬ್ಲ್ಯಾಕ್ ಹಾಕ್ ಬಿದ್ದಿದ್ದು ಯಾಕೆ?

ಪ್ರಶ್ನೆ:
2011ರ ಮೇ ತಿಂಗಳಲ್ಲಿ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಬಿನ್ ಲಾಡೆನ್ ಮನೆ ಮೇಲೆ ಅಮೆರಿಕದವರು ದಾಳಿ ಮಾಡಿದಾಗ ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಕಾಂಪೌಂಡ್ ಒಳಗೇ ಬಿತ್ತು. ಅದನ್ನು ಯಾರೂ ಹೊಡೆದು ಉರುಳಿಸಿರಲಿಲ್ಲ. ಅಷ್ಟು ಪಳಗಿದ ಪೈಲಟ್‌ಗಳು ಇದ್ದೂ ಹೀಗಾಗಿದ್ದು ಹೇಗೆ?

ಉತ್ತರ 1:
ಮುಖ್ಯ ಕಾರಣ ಗೋಡೆ. ದಾಳಿಗೆ ಮುಂಚೆ ತಾಲೀಮು ಮಾಡಿದ ಜಾಗದಲ್ಲಿ ಸುತ್ತ ತಂತಿ ಬೇಲಿ ಇತ್ತು, ರೋಟರ್ (ಮೇಲೆ ತಿರುಗುವ ರೆಕ್ಕೆಗಳು) ಕೆಳಗೆ ತಳ್ಳಿದ ಗಾಳಿ ಅದರ ಸಂದಿಯಿಂದ ಆಚೆ ಹೋಗುತ್ತಿತ್ತು. ಇಲ್ಲಿದ್ದದ್ದು ಎತ್ತರದ ಗಟ್ಟಿ ಗೋಡೆ, ಹಾಗಾಗಿ ಅದೇ ಗಾಳಿ ಸುತ್ತಿಕೊಂಡು ಮತ್ತೆ ರೋಟರ್ ಮೇಲಕ್ಕೇ ಬಂತು, ಜೊತೆಗೆ ಸೆಕೆಯೂ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇತ್ತು, ಮೇಲೆತ್ತುವ ಬಲವೇ ಉಳಿಯಲಿಲ್ಲ. ಬಾಲ ಗೋಡೆಗೆ ಬಡಿಯಿತು. ಪೈಲಟ್ ಮೂತಿಯನ್ನು ಮಣ್ಣಿಗೆ ಒತ್ತಿ ಇಳಿಸಿದ, ಪಕ್ಕಕ್ಕೆ ಉರುಳಲು ಬಿಡಲಿಲ್ಲ. ನನ್ನ ಪ್ರಕಾರ ಆ ರಾತ್ರಿಯ ದೊಡ್ಡ ಕೆಲಸ ಅದೇ. ಒಳಗಿದ್ದವರು ಯಾರೂ ಸಾಯಲಿಲ್ಲ.

ಉತ್ತರ 2:
ಇಂಥ ತೊಂದರೆ ಆದರೆ ಬೇಕಾಗುತ್ತೆ ಅಂತ ಹತ್ತಿರದಲ್ಲಿ ಚಿನೂಕ್‌ ಅನ್ನೋ ದೊಡ್ಡ ಹೆಲಿಕಾಪ್ಟರ್‌ಗಳನ್ನು ಕಾಯಿಸಿದ್ದರು ಅಲ್ವಾ, ಅದನ್ನೂ ಹೇಳಬೇಕು. ಅದಕ್ಕೆ ಹಳೆಯ ನೋವಿನ ಕಥೆ ಇದೆ. 1980ರಲ್ಲಿ ಇರಾನ್‌ನಲ್ಲಿ ಅಮೆರಿಕದ ಒತ್ತೆಯಾಳುಗಳನ್ನು ಬಿಡಿಸಲು 8 ಹೆಲಿಕಾಪ್ಟರ್ ಹೊರಟವು. ಕನಿಷ್ಠ 6 ಬೇಕಿತ್ತು, ಧೂಳು ಮತ್ತು ಯಂತ್ರದ ತೊಂದರೆಯಿಂದ ಸರಿಯಾಗಿ ಉಳಿದದ್ದು 5. ಕೆಲಸ ಕೈಬಿಟ್ಟು ವಾಪಸ್ ಹೊರಡುವಾಗ ಒಂದು ಹೆಲಿಕಾಪ್ಟರ್ ನಿಂತಿದ್ದ ವಿಮಾನಕ್ಕೆ ಬಡಿದು 8 ಜನ ಸತ್ತರು. ರಾತ್ರಿ ಹಾರಾಟಕ್ಕೆಂದೇ ತಯಾರಾದ, ಅಬೊಟಾಬಾದ್‌ಗೂ ಹಾರಿದ ಅಮೆರಿಕ ಸೇನೆಯ 160ನೇ ಹೆಲಿಕಾಪ್ಟರ್ ಪಡೆ ಹುಟ್ಟಿದ್ದು ಇದಾದ ಮೇಲೆ.

ಪ್ರಶ್ನೆ ಕೇಳಿದವರು:
ತಂತಿ ಬೇಲಿ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಬಿದ್ದ ಹೆಲಿಕಾಪ್ಟರ್ ಏನಾಯ್ತು?

ಉತ್ತರ 1:
ಹೊರಡುವ ಮುಂಚೆ ಅವರೇ ಸ್ಫೋಟಿಸಿದರು. ಬಾಲದ ಭಾಗ ಮಾತ್ರ ಗೋಡೆಯ ಆಚೆ ಉಳಿಯಿತು. ಅದರ ಫೋಟೋ ನೋಡಿಯೇ ಇದು ಮಾಮೂಲಿ ಬ್ಲ್ಯಾಕ್ ಹಾಕ್ ಅಲ್ಲ ಅಂತ ಜಗತ್ತಿಗೆ ಗೊತ್ತಾಗಿದ್ದು.