ಪದಚರ್ಚೆ: ಬರುವ ಎಲೆ ಮೊದಲೇ ಗೊತ್ತಿದ್ದರೆ ಸಿಗುವ ‘ಅಡ್ವಾಂಟೇಜ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ಶರಣು.

ಕಲಬುರಗಿಯ ಡಿಗ್ರಿ ಹುಡುಗರಿಗಾಗಿ ಸಂಭವನೀಯತೆಯ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಣ್ಯ ಚಿಮ್ಮಿ ಚಿಮ್ಮಿ ಅವರಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಅದಕ್ಕೇ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟವನ್ನು ಉದಾಹರಣೆಗೆ ತೆಗೆದುಕೊಂಡೆ. ಲೆಕ್ಕ ಸಲೀಸಾಗಿ ಸಾಗಿತು. ಸಿಕ್ಕಿಕೊಂಡಿದ್ದು ‘ಅಡ್ವಾಂಟೇಜ್’ ಮತ್ತು ‘ಹೌಸ್ ಎಡ್ಜ್’ ಎಂಬ ಎರಡು ಪದಗಳಲ್ಲಿ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕೈಯಲ್ಲಿರುವ ಎಲೆಗಳ ಮೊತ್ತ 21ರ ಹತ್ತಿರ ಬರಬೇಕು, ದಾಟಬಾರದು. ರಾಜ, ರಾಣಿ, ಗುಲಾಮ ಮೂರಕ್ಕೂ 10. ಎಕ್ಕಕ್ಕೆ 1 ಅಥವಾ 11. ಎದುರಿಗೆ ಎಲೆ ಹಂಚುವವನು ಕ್ಯಾಸಿನೊದವನು. ಮೊತ್ತ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅವನು ಎಲೆ ಎಳೆಯಲೇಬೇಕು, 17ಕ್ಕೆ ಸಾಮಾನ್ಯವಾಗಿ ನಿಲ್ಲಬೇಕು. ಆಡುವವನಿಗೆ ಆ ಕಟ್ಟಳೆ ಇಲ್ಲ. ಆದರೆ ಅವನು ಮೊದಲು ಆಡಬೇಕು. 21 ದಾಟಿದನೋ, ಅವನ ದುಡ್ಡು ಅಲ್ಲಿಗೇ ಹೋಯಿತು. ಆಮೇಲೆ ಹಂಚುವವನೂ ದಾಟಿದರೆ ವಾಪಸ್ ಬರುವುದಿಲ್ಲ. ಕ್ಯಾಸಿನೊ ಬದುಕುವುದು ಈ ಒಂದು ನಿಯಮದ ಮೇಲೆ. ನಿಯಮಗಳು ಚೆನ್ನಾಗಿರುವ ಮೇಜಿನಲ್ಲಿ ಒಂದೂ ತಪ್ಪಿಲ್ಲದೆ ಆಡಿದರೂ 100 ರೂಪಾಯಿ ಬಾಜಿಗೆ ಸರಾಸರಿ 50 ಪೈಸೆಯಷ್ಟು ಅವರಿಗೆ ಸೇರುತ್ತದೆ. ‘ಹೌಸ್ ಎಡ್ಜ್’ ಅನ್ನುವುದು ಇದಕ್ಕೆ.

ಪದಕ್ಕೆ ಪದ ಇಟ್ಟರೆ ‘ಮನೆಯ ಅಂಚು’ ಆಗುತ್ತದೆ. ಓದಿದವರು ಸಜ್ಜಾ ಅಂದುಕೊಂಡಾರು.

‘ಅನುಕೂಲ’ ಪಠ್ಯಪುಸ್ತಕದ ಪದ. ಅದಕ್ಕೆ ಅಂಕಿ ಒಗ್ಗುವುದಿಲ್ಲ. ‘ಶೇ. 1ರಷ್ಟು ಅನುಕೂಲ’ ಅಂತ ಬರೆದು ನೋಡಿ, ಸರ್ಕಾರಿ ಯೋಜನೆಯ ಹಾಗೆ ಕೇಳಿಸುತ್ತದೆ. ‘ಮೇಲುಗೈ’ ಚಂದದ ಮಾತು. ಆದರೆ ಮೇಲುಗೈ ಆಯಿತು ಅಂದರೆ ಗೆದ್ದಾಯಿತು ಅಂತಲೇ ಅರ್ಥ, ಅಲ್ವಾ? ಇಲ್ಲಿ ಶೇ. 1 ನಮ್ಮ ಪರ ಇದ್ದವನೂ ರಾತ್ರಿಯೆಲ್ಲ ಸೋತು ಎದ್ದುಬರಬಹುದು. ನಮ್ಮ ಕಡೆಯ ‘ಫಾಯಿದಾ’ ಇದಕ್ಕಿಂತ ಹತ್ತಿರ. ‘ಏನ್ ಫಾಯ್ದಾ?’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಅಂಕಿಯೂ ಸಲೀಸಾಗಿ ಕೂರುತ್ತದೆ. ಅದೂ ಕಿಸೆಗೆ ಬಿದ್ದ ದುಡ್ಡನ್ನೇ ಹೇಳುತ್ತದೆ ಅನ್ನುವುದೊಂದೇ ಕೊರತೆ.

ನನ್ನ ಒಲವು ‘ವಾಲು’ ಕಡೆಗೆ. ತಕ್ಕಡಿ ವಾಲುವ ಹಾಗೆ ಆಟವೂ ಒಂದು ಕಡೆ ವಾಲಿರುತ್ತದೆ. ‘ಆಟ ಕ್ಯಾಸಿನೊ ಕಡೆ ಶೇ. 0.5 ವಾಲಿದೆ’ ಅಂದರೆ ಯಾರು ಗೆದ್ದರು ಅಂತ ಹೇಳಿದಂತಾಗುವುದಿಲ್ಲ. ಯಾವ ಕಡೆ, ಎಷ್ಟು, ಎರಡೂ ಬಂತು. ಕ್ರಿಯಾಪದವಾಗಿ ಚೆನ್ನಾಗಿದೆ. ನಾಮಪದ ಮಾಡಿದರೆ ‘ವಾಲಿಕೆ’ ಅನ್ನೋಣವೇ? ನನ್ನ ಕಿವಿಗೆ ಇನ್ನೂ ಹೊಂದಿಲ್ಲ.

ಇನ್ನು ಎಲೆಗಳನ್ನು ತಿಳಿಯುವ ಬಗೆಗಳು. ಇಂಗ್ಲಿಷಿನವರು ‘ಕಾರ್ಡ್ ಕೌಂಟಿಂಗ್’ ಅನ್ನುವುದಕ್ಕೆ ‘ಎಲೆ ನೆನಪಿಡುವುದು’ ಅಂತ ಕೆಲವರು ಬರೆದಿದ್ದಾರೆ. ಅದು ಸರಿಯಲ್ಲ. ಯಾವ ಎಲೆ ಬಿತ್ತು ಅಂತ ಅಲ್ಲಿ ಯಾರೂ ನೆನಪಿಡುವುದಿಲ್ಲ. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿಸು, ಹತ್ತರ ಎಲೆ ಅಥವಾ ಎಕ್ಕ ಬಿದ್ದರೆ ಒಂದು ಕಳೆ. ಇಟ್ಟುಕೊಳ್ಳುವುದು ಒಂದೇ ಅಂಕಿ. ಅಂಕಿ ಮೇಲೇರಿದರೆ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆ ಜಾಸ್ತಿ, ಆಟ ನಮ್ಮ ಕಡೆ ವಾಲಿದೆ, ಬಾಜಿ ಹೆಚ್ಚಿಸು. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಉಳಿದ ಎಲೆಗಳ ಮೇಲೆ ಕಣ್ಣಿಟ್ಟರೆ ಕ್ಯಾಸಿನೊವನ್ನು ಸೋಲಿಸಬಹುದು ಅಂತ 1962ರ ಪುಸ್ತಕದಲ್ಲಿ ತೋರಿಸಿಕೊಟ್ಟರು. ಇದಕ್ಕೆ ‘ಎಣಿಕೆ’ ಎಂಬ ಪದವೇ ಸಾಕು. ಕನ್ನಡದ ಎಣಿಕೆಗೆ ಲೆಕ್ಕ ಎಂಬ ಅರ್ಥವೂ ಇದೆ, ಅಂದಾಜು ಎಂಬ ಅರ್ಥವೂ ಇದೆ (‘ನನ್ನ ಎಣಿಕೆ ಹುಸಿಯಾಯಿತು’ ಅನ್ನುತ್ತೇವಲ್ಲ). ಇಲ್ಲಿ ಎರಡೂ ಬೇಕು.

ಆದರೆ ಮುಂದಿನ ಎಲೆಯೇ ಗೊತ್ತಿದ್ದರೆ? ಅದು ಎಣಿಕೆಯಲ್ಲ, ಬೇರೆಯೇ ಸಂಗತಿ. ಎಣಿಕೆಯಿಂದ ಸಿಗುವುದು ಶೇ. 1ರ ಆಸುಪಾಸು. ಮೊದಲು ಬರುವ ಎಲೆ ಎಕ್ಕ ಅಂತ ಬಾಜಿ ಕಟ್ಟುವ ಮುಂಚೆಯೇ ತಿಳಿದರೆ ಆಟ ಸುಮಾರು ಶೇ. 50ರಷ್ಟು ನಮ್ಮ ಕಡೆ ವಾಲುತ್ತದೆ! ಒಂದೇ ಕಟ್ಟಿನಲ್ಲಿ ಉಳಿದ 51 ಎಲೆಗಳಲ್ಲಿ 16 ಹತ್ತರವು. ಅಂದರೆ ಮೂರರಲ್ಲಿ ಒಂದಕ್ಕೆ ತುಸು ಕಡಿಮೆ ಸಲ ಎರಡೇ ಎಲೆಗೆ 21 ಆಗುತ್ತದೆ. ಅದಕ್ಕೆ ಒಂದೂವರೆ ಪಟ್ಟು ದುಡ್ಡು ಬೇರೆ.

ಎಲೆ ಎಳೆಯುವ ಹೊತ್ತಿಗೆ ಗೊತ್ತಾದರೂ ಲಾಭವಿದೆ. ಕೈಯಲ್ಲಿ 16 ಇದೆ ಅನ್ನಿ. ಕಣ್ಣು ಮುಚ್ಚಿ ಎಳೆದರೆ 13 ಬಗೆಯ ಎಲೆಗಳಲ್ಲಿ 8 ಮುಳುಗಿಸುತ್ತವೆ. ಬರುವುದು 5 ಅಂತ ಗೊತ್ತಿದ್ದರೆ ಎಳೆಯಿರಿ, 21. ಹತ್ತು ಅಂತ ಗೊತ್ತಿದ್ದರೆ ಸುಮ್ನೆ ಕೂತುಬಿಡಿ. ನನಗೆ ಬಹಳ ಇಷ್ಟವಾದ ಜಾಗ ಇದು: ನೀವು ಬಿಟ್ಟ ಎಲೆ ಎಲ್ಲಿಗೂ ಹೋಗುವುದಿಲ್ಲ. ಕೊನೆಯ ಆಟಗಾರ ನೀವಾಗಿದ್ದರೆ ಅದು ಹಂಚುವವನ ಪಾಲಿಗೆ ಉಳಿಯುತ್ತದೆ. ಅವನ ಹತ್ತಿರ 6 ಮತ್ತು 10 ಇದ್ದರೆ ಎಳೆಯದೆ ಗತಿಯಿಲ್ಲ. ನಿಮ್ಮನ್ನು ಮುಳುಗಿಸಬೇಕಿದ್ದ ಎಲೆ ಅವನನ್ನು ಮುಳುಗಿಸುತ್ತದೆ. ಹೀಗೆ ತಿಳಿದೂ ತಿಳಿದೂ ಎಲೆ ಬಿಡುವುದಕ್ಕೆ ರಮ್ಮಿ ಆಡುವವರ ಬಾಯಲ್ಲಿ ಪದ ಇದೆಯೇ?

ಕ್ಯಾಸಿನೊದಲ್ಲಿ ಕಟ್ಟು ಪೂರಾ ಗೊತ್ತಿರುವವರು ಯಾರೂ ಇಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ‘ಥಿಯರೆಟಿಕಲ್’ ಅಂತ ಸೇರಿಸುತ್ತಾರೆ. ‘ಸೈದ್ಧಾಂತಿಕ’ ಅಂತ ಬರೆದರೆ ಹುಡುಗರು ಪುಟ ತಿರುಗಿಸುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಗಾದೆಯನ್ನು ತಿರುವಿ ‘ಲೆಕ್ಕಕ್ಕುಂಟು ಆಟಕ್ಕಿಲ್ಲ’ ಅನ್ನೋಣ ಅಂತಿದ್ದೇನೆ. ಪಾಠಕ್ಕೆ ತೀರಾ ತಮಾಷೆಯಾಯಿತೆಂದರೆ ಹೇಳಿ.

ಇನ್ನೊಂದು ವಿಚಾರ. ಉರ್ದು, ಹಿಂದಿಯಲ್ಲಿ ಜೂಜಿನ ಮನೆ ನಡೆಸುವವನು ಗೆದ್ದವರಿಂದ ಪಡೆಯುವ ಪಾಲಿಗೆ ‘ನಾಲ್’ ಅನ್ನುತ್ತಾರೆ. ಅದು ಕಣ್ಣಿಗೆ ಕಾಣುವ ದುಡ್ಡು. ಬ್ಲ್ಯಾಕ್‌ಜಾಕಿನಲ್ಲಿ ಪಾಲು ನಿಯಮದೊಳಗೇ ಅಡಗಿದೆ. ಎರಡೂ ಒಂದೇ ಅಲ್ಲ. ಆದರೂ ‘ಹೌಸ್ ಎಡ್ಜ್’ಗೆ ‘ಅಡಗಿದ ನಾಲು’ ಅನ್ನಬಹುದೇನೋ ಅನಿಸುತ್ತಿದೆ. ಬೀದರ್, ಬಸವಕಲ್ಯಾಣ, ಸುರಪುರದ ಕಡೆ ಕನ್ನಡ ಮಾತಾಡುವವರ ಬಾಯಲ್ಲಿ ಈ ಪದ ಕೇಳಿದವರಿದ್ದರೆ ಯಾವ ಅರ್ಥದಲ್ಲಿ ಅಂತ ಬರೆಯಿರಿ. ಕೇಳಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ.