ಯುರೇನಿಯಂ, ತಾಮ್ರ ಒಂದೇ ಹರಳಿನಲ್ಲಿ: ಯಾವುದು ಎಲ್ಲಿ ಕೂರುತ್ತದೆ?

ಪ್ರಶ್ನೆ: ಯುರೇನೈಲ್ (ಯುರೇನಿಯಂಗೆ ಎರಡು ಆಕ್ಸಿಜನ್ ಅಂಟಿದ ಅಯಾನು), ತಾಮ್ರ ಎರಡೂ ಇರುವ ಹರಳು ಬೆಳೆಸಿದ್ದೇನೆ. ಲಿಗ್ಯಾಂಡಿನಲ್ಲಿ (ಲೋಹಕ್ಕೆ ಅಂಟುವ ಅಣು) ಕಾರ್ಬಾಕ್ಸಿಲೇಟೂ (ಆಕ್ಸಿಜನ್ ಇರುವ ಗುಂಪು) ಇದೆ, ಪಿರಿಡಿನ್ ಎಂಬ ಉಂಗುರದ ನೈಟ್ರೋಜನ್ನೂ ಇದೆ. ಯಾವ ಲೋಹ ಯಾವುದನ್ನು ಹಿಡಿಯುತ್ತದೆ?

ಉತ್ತರ 1: ಸಾಮಾನ್ಯವಾಗಿ ಯುರೇನೈಲ್ ಆಕ್ಸಿಜನ್ ಕಡೆ, ತಾಮ್ರ ನೈಟ್ರೋಜನ್ ಕಡೆ. ಯುರೇನೈಲ್ ನೆಟ್ಟಗಿನ ಕಡ್ಡಿಯ ಹಾಗೆ. ಎರಡು ತುದಿಗೂ ಆಕ್ಸಿಜನ್, ಯುರೇನಿಯಂನಿಂದ ಸುಮಾರು 1.8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ) ದೂರ. ಲಿಗ್ಯಾಂಡ್‌ಗಳಿಗೆ ನಡುವಿನ ಸುತ್ತಲೂ 4ರಿಂದ 6 ಜಾಗ ಸಿಗುತ್ತದೆ, ಅಷ್ಟೇ. ಅದಕ್ಕೇ ಹರಳಿನಲ್ಲಿ ಸರಪಳಿ, ಹಾಳೆಯಂಥ ರಚನೆಗಳು ಜಾಸ್ತಿ. ತಾಮ್ರ ಆ ಹಾಳೆಗಳನ್ನು ಜೋಡಿಸಿದರೆ ಮೂರು ಆಯಾಮದ ಚೌಕಟ್ಟೇ ಬರಬಹುದು. ನನಗೆ ಇದೇ ತುಂಬಾ ಇಷ್ಟದ ಭಾಗ!

ಉತ್ತರ 2: ಯುರೇನೈಲ್ ತುದಿಯ ಆಕ್ಸಿಜನ್ ತಾಮ್ರವನ್ನು ಮುಟ್ಟಿದೆಯಾ ನೋಡಿ. ಕಡಿಮೆ, ಆದರೆ ಆಗುತ್ತದೆ.

ಉತ್ತರ 3: ಎಕ್ಸ್-ರೇಯಲ್ಲಿ ಹರಳಿನ ರಚನೆ ನೋಡುವಾಗ 92 ಎಲೆಕ್ಟ್ರಾನಿನ ಯುರೇನಿಯಂ ಎದುರು ಒಂದೇ ಎಲೆಕ್ಟ್ರಾನಿನ ಹೈಡ್ರೋಜನ್ ಕಾಣುವುದು ಕಷ್ಟ, ಅಲ್ವಾ? ಚಿಕ್ಕ ಹರಳು ಆರಿಸಿ. ಯುರೇನಿಯಂ ಕಿರಣವನ್ನು ಬಹಳ ಹೀರುತ್ತದೆ.